ಚಿಂಚಲಿ ಮಾಯಕ್ಕನ ಜಾತ್ರೆ: ಮಳೆ, ಬೆಳೆ ಮತ್ತು ಜನಸಂದಣಿ

ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಘ ಮಾಸದ ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಮಾಯಕ್ಕದೇವಿ ಜಾತ್ರೆಯು ಬೆಳಗಾವಿ ಗಡಿಭಾಗದ ದೊಡ್ಡ ಜಾತ್ರೆಗಳಲ್ಲಿ ಒಂದು. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳ ಜನರ ಜೊತೆಗೆ ಸಾಂಗ್ಲಿ, ಕೊಲ್ಲಾಪುರದ ಭಕ್ತರೂ ಚಕ್ಕಡಿ ಹೂಡಿಕೊಂಡು ಬಂದು ಭಂಡಾರ ಹಾರಿಸಿ ನೈವೇದ್ಯ ಕೊಡುತ್ತಾರೆ. ರಾಯಬಾಗ ಸೀಮೆ 1949ರವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. 1956ರಲ್ಲಿ ರಾಜ್ಯದ ಗಡಿ ಬದಲಾದರೂ ನಡೆದುಕೊಳ್ಳುವ ಮನೆತನಗಳು ಬದಲಾಗಲಿಲ್ಲ. ಮೀರಜ–ಬೆಳಗಾವಿ ರೈಲು ಮಾರ್ಗದಲ್ಲಿ ಚಿಂಚಲಿಗೆ ನಿಲ್ದಾಣವಿರುವುದರಿಂದ ದೂರದವರಿಗೂ ದಾರಿ ಸುಲಭ. ಹೀಗೆ ಭಕ್ತಿ, ದಾರಿ ಎರಡೂ ಸ್ಥಿರವಾಗಿರುವ ಜಾತ್ರೆಯ ಏರಿಳಿತಕ್ಕೆ ಕಾರಣವನ್ನು ಆ ದಿನದ ಹವೆಯಲ್ಲಿ ಹುಡುಕದೆ ಹಿಂದಿನ ಮುಂಗಾರಿನಲ್ಲಿ ಹುಡುಕಬೇಕು.

ಹಿಮಕ್ರೀಡೆಯ ತಾಣಗಳಲ್ಲಿ ಹವೆಯ ಪೆಟ್ಟು ತಕ್ಷಣ ಬೀಳುತ್ತದೆ: 2024ರ ಜನವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಹಿಮ ಬೀಳದಿದ್ದಾಗ ಪ್ರವಾಸಿಗರು ಆಗಲೇ ಹಿಂಜರಿದರು. ಮಾಘದ ಚಿಂಚಲಿಯಲ್ಲಿ ಮಳೆಯ ಭಯ ಕಡಿಮೆ. ಇಲ್ಲಿ ಮಳೆ ಮೊದಲು ಬೆಳೆಯಾಗಿ, ಆಮೇಲೆ ದುಡ್ಡಾಗಿ ಜಾತ್ರೆಗೆ ಬರುತ್ತದೆ. 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆಯಿಂದ ಮೊದಲ್ಗೊಂಡು ಈ ಸೀಮೆ ಕಬ್ಬಿನ ಸೀಮೆಯಾಗಿದೆ. ಜಾತ್ರೆ ಬರುವುದು ಕಬ್ಬು ನುರಿಸುವ ಹಂಗಾಮಿನ ನಡುವೆಯೇ. ಕಬ್ಬು ಕಳಿಸಿದ 14 ದಿನದೊಳಗೆ ಹಣ ಕೊಡಬೇಕೆಂಬುದು ಕೇಂದ್ರ ಸರ್ಕಾರದ 1966ರ ಆದೇಶ. ಬಿಲ್ಲು ತಡವಾದರೆ ಜಾತ್ರೆಯ ಖರ್ಚಿಗೂ ಕೈ ಕಟ್ಟುತ್ತದೆ. ಅಥಣಿಯ ಪೂರ್ವಭಾಗದ ಜೋಳದ ಹೊಲಗಳಿಗೆ ಮಳೆಯೇ ಆಧಾರವಾದ್ದರಿಂದ ಬರದ ಬಿಸಿ ಅಲ್ಲಿ ಮೊದಲು ತಟ್ಟುತ್ತದೆ.

ಹರಕೆ ಹೊತ್ತವರು ಬರಗಾಲದಲ್ಲೂ ಬರುತ್ತಾರಲ್ಲ ಎಂಬ ಆಕ್ಷೇಪ ಸರಿಯಾದುದೇ. ಆದರೆ ಸಂಕಟದ ವರ್ಷ ಮನೆಗೊಬ್ಬರು ಬಂದು ಅಂದೇ ಮರಳಿದರೆ ಹರಕೆ ಸಲ್ಲುತ್ತದೆ. ಮಕ್ಕಳುಮರಿಯೊಂದಿಗೆ ಬಿಡಾರ ಹೂಡಿ ಬಳೆ, ಬೆಂಡು ಬತ್ತಾಸು ಕೊಳ್ಳುವುದು ಕಡಿಮೆಯಾಗುತ್ತದೆ. ಮಳೆಯೇ ನೇರವಾಗಿ ಜನರನ್ನು ಕರೆಯುವುದಿಲ್ಲವೇ ಎಂದೂ ಕೇಳಬಹುದು. ನೆರೆಯ ನರಸೋಬವಾಡಿಯಲ್ಲಿ ಕೃಷ್ಣೆಯ ನೀರು ದತ್ತನ ಗುಡಿ ಹೊಕ್ಕು ದಕ್ಷಿಣದ ಬಾಗಿಲಿನಿಂದ ಹರಿದಾಗ ಪುಣ್ಯಸ್ನಾನಕ್ಕೆ ಜನ ಕೂಡುತ್ತಾರೆ. ಅದಕ್ಕೂ ಮಿತಿಯಿದೆ: 2021ರ ಜುಲೈನಲ್ಲಿ ವೇದಗಂಗೆ ಉಕ್ಕಿ ನಿಪ್ಪಾಣಿಯ ಬಳಿ ಹೆದ್ದಾರಿಯೇ ಮುಚ್ಚಿತು, ದಾರಿಯಿಲ್ಲದೆಡೆ ಭಕ್ತಿಯೂ ಕಾಯಬೇಕು. ಆದ್ದರಿಂದ ಜಾತ್ರೆಗೆ ನೀರು, ನೆರಳು, ಬಸ್ಸುಗಳ ಏರ್ಪಾಡು ಮಾಡುವವರು ಪಂಚಾಂಗದ ಜೊತೆಗೆ ಹಿಂದಿನ ಮಳೆ ಮತ್ತು ಕಬ್ಬಿನ ಬಾಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬರದ ವರ್ಷ ಜನ ಕಡಿಮೆಯೆಂದು ಏರ್ಪಾಡು ಕುಗ್ಗಿಸುವುದು ತಪ್ಪು; ಕೈಯಲ್ಲಿ ಕಾಸಿಲ್ಲದೆ ಬಂದವರಿಗೇ ಅದು ಹೆಚ್ಚು ಬೇಕಾಗುತ್ತದೆ.