ಬೊಕ್ಕತಲೆಯ ಮದ್ದು: ಒಂದು ಹಳೆಯ ಹುಡುಕಾಟದ ಚರಿತ್ರೆ



ರಾಜರ ಚರಿತ್ರೆಯನ್ನು ಓದಿದ್ದೀರಿ, ಯುದ್ಧಗಳ ಚರಿತ್ರೆಯನ್ನು ಕೇಳಿದ್ದೀರಿ. ಆ ರಾಜರ ಕಿರೀಟದ ಕೆಳಗಿದ್ದ ಕೂದಲಿಗೂ ಒಂದು ಚರಿತ್ರೆ ಉಂಟು. ಗಂಡಸಿನ ಮುಂದಲೆ ಬರಿದಾಗುವುದು ಪ್ರಾಣಕ್ಕೆ ಸಂಚಕಾರ ತರುವ ರೋಗವಲ್ಲ. ಆದರೂ ಅದಕ್ಕೆ ಮದ್ದು ಹುಡುಕದ ದೇಶವಿಲ್ಲ. ಈ ಹುಡುಕಾಟವನ್ನು ಕೇವಲ ವಿನೋದವೆಂದು ತಳ್ಳಿಬಿಡುವಂತಿಲ್ಲ. ಇಂದಿಗೂ ನಮ್ಮ ಪೇಟೆ ಪಟ್ಟಣಗಳಲ್ಲಿ ಇಪ್ಪತ್ತೈದರ ಹುಡುಗನೊಬ್ಬ ಕನ್ನಡಿಯ ಮುಂದೆ ನಿಂತು ಎದೆಗುಂದುತ್ತಾನೆ. ಮದುವೆಯ ಮಾತು ಬಂದಾಗ ತಲೆ ತಗ್ಗಿಸುತ್ತಾನೆ. ಸಂಬಳದಲ್ಲಿ ಒಂದು ಪಾಲನ್ನು ಬಗೆಬಗೆಯ ಎಣ್ಣೆಯ ಸೀಸೆಗಳಿಗೆ ಸುರಿಯುತ್ತಾನೆ. ಅವನಿಗೆ ಯಾವ ಮದ್ದು ನಿಜ, ಯಾವುದು ಬರಿಯ ಮಾತು ಎಂದು ತಿಳಿಸಬೇಕಾದರೆ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು.

ಈಜಿಪ್ಟಿನಿಂದ ತೊಡಗೋಣ. ಕ್ರಿ. ಪೂ. ೧೫೫೦ರ ಸುಮಾರಿನದೆಂದು ಹೇಳುವ ಒಂದು ವೈದ್ಯಗ್ರಂಥದ ಸುರುಳಿಯನ್ನು ಜರ್ಮನಿಯ ವಿದ್ವಾಂಸ ಗೇಯಾರ್ಗ್ ಎಬರ್ಸ್ ೧೮೭೫ರಲ್ಲಿ ಪ್ರಕಟಿಸಿದನು. ಅದರಲ್ಲಿ ಕೂದಲು ಬೆಳೆಯುವುದಕ್ಕೆ ಒಂದು ಲೇಪವನ್ನು ಹೇಳಿದೆ: ಸಿಂಹ, ನೀರ್ಗುದುರೆ, ಮೊಸಳೆ, ಬೆಕ್ಕು, ಹಾವು, ಕಾಡುಮೇಕೆ, ಇಷ್ಟರ ಕೊಬ್ಬನ್ನೂ ಬೆರೆಸಿ ತಲೆಗೆ ಹಚ್ಚಬೇಕು! ಬಡವನಿಗೆ ಎಟುಕುವ ಮದ್ದಲ್ಲ. ರೋಮಿನ ಜೂಲಿಯಸ್ ಸೀಸರನಿಗೂ ಈ ಕೊರಗು ಇತ್ತು. ಹಿಂದಿನ ಕೂದಲನ್ನು ಮುಂದಕ್ಕೆ ಬಾಚಿಕೊಳ್ಳುತ್ತಿದ್ದನೆಂದೂ, ಸದಾ ಪತ್ರಮಾಲೆಯ ಕಿರೀಟ ಧರಿಸುವ ಹಕ್ಕನ್ನು ಇತರ ಎಲ್ಲ ಗೌರವಗಳಿಗಿಂತ ಹೆಚ್ಚಾಗಿ ಮೆಚ್ಚಿಕೊಂಡನೆಂದೂ ಚರಿತ್ರೆಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ಜಗತ್ತನ್ನು ಗೆದ್ದವನು ತನ್ನ ನೆತ್ತಿಯನ್ನು ಗೆಲ್ಲಲಾರದೆ ಹೋದನು.

ಈಗ ನಮ್ಮ ದೇಶಕ್ಕೆ ಬರೋಣ. ಆಯುರ್ವೇದದ ಆಚಾರ್ಯರು ಈ ವಿಷಯವನ್ನು ನಗೆಯಾಗಿ ತೆಗೆದುಕೊಳ್ಳಲಿಲ್ಲ. ಖಲತಿ, ಖಾಲಿತ್ಯ, ಇಂದ್ರಲುಪ್ತ ಎಂಬ ಹೆಸರುಗಳನ್ನಿಟ್ಟು ಕಾರಣವನ್ನು ವಿಚಾರಿಸಿದರು. ಸುಶ್ರುತನ ಮತದಂತೆ, ವಾತದೊಡನೆ ಕೂಡಿದ ಪಿತ್ತವು ರೋಮಕೂಪಗಳನ್ನು ಹೊಕ್ಕು ಕೂದಲನ್ನು ಉದುರಿಸುತ್ತದೆ. ಆಮೇಲೆ ರಕ್ತದೊಡನೆ ಕೂಡಿದ ಕಫವು ಆ ಕೂಪಗಳ ಬಾಯನ್ನು ಮುಚ್ಚುವುದರಿಂದ ಬೇರೆ ಕೂದಲು ಹುಟ್ಟುವುದಿಲ್ಲ. ತ್ರಿದೋಷದ ಪರಿಭಾಷೆಯನ್ನು ಒತ್ತಟ್ಟಿಗಿರಿಸಿ ನೋಡಿದರೂ ಒಂದು ಸೂಕ್ಷ್ಮ ಕಾಣುತ್ತದೆ. ಕೂದಲು ಉದುರುವುದು ಒಂದು ಸಂಗತಿ, ಉದುರಿದ ಜಾಗದಲ್ಲಿ ಮತ್ತೆ ಹುಟ್ಟದಿರುವುದು ಇನ್ನೊಂದು ಸಂಗತಿ. ಈ ಎರಡನ್ನು ಬೇರೆಬೇರೆಯಾಗಿ ಕಂಡದ್ದು ಸಣ್ಣ ಮಾತಲ್ಲ.

ಅಷ್ಟಾಂಗಹೃದಯವನ್ನು ಬರೆದ ವಾಗ್ಭಟನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಇಂದ್ರಲುಪ್ತ ಬೇರೆ, ಖಲತಿ ಬೇರೆ, ಖಲತಿಯಲ್ಲಿ ಕೂದಲು ಕ್ರಮಕ್ರಮವಾಗಿ ಉದುರುತ್ತದೆ ಎಂದನು. ಖಲತಿಯಲ್ಲಿ ಒಂದು ಬಗೆ ಅಸಾಧ್ಯ, ಅಂದರೆ ಚಿಕಿತ್ಸೆಗೆ ಬಗ್ಗದ್ದು, ಎಂದೂ ಹೇಳಿದನು. ವೈದ್ಯನಾದವನು 'ಇದು ನನ್ನಿಂದಾಗದು' ಎಂದು ಗ್ರಂಥದಲ್ಲಿಯೇ ಬರೆದಿಡುವುದು ಎಷ್ಟು ದೊಡ್ಡ ಪ್ರಾಮಾಣಿಕತೆ! ಸೀಸೆಯ ಮೇಲೆ ಮುಗುಳುನಗುವ ಯುವಕನ ಚಿತ್ರ ಅಂಟಿಸಿ ಮಾರುವವರು ಈ ಒಂದು ಮಾತನ್ನು ಮಾತ್ರ ಹೇಳುವುದೇ ಇಲ್ಲ.

ಚಿಕಿತ್ಸೆಗಳ ವಿಚಾರಕ್ಕೆ ಬಂದರೆ, ಹಿಂದಿನವರು ಹೇಳಿದ್ದು ಎರಡು ಬಗೆ. ಮೊದಲನೆಯದು ನಿತ್ಯವಿಧಿ. ದಿನವೂ ತಲೆಗೆ ಎಣ್ಣೆ ಹಚ್ಚುವವನಿಗೆ ತಲೆನೋವು, ಖಾಲಿತ್ಯ, ನರೆ ಬಾರದೆಂದು ಚರಕಸಂಹಿತೆ ಹೇಳುತ್ತದೆ. ನಮ್ಮ ಮನೆಗಳ ಅಭ್ಯಂಜನದ ಬೇರು ಇಲ್ಲಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೬ರಿಂದ ೧೧೩೮ರವರೆಗೆ ಆಳಿದವನು. ಅವನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಭೋಗಗಳ ಸಾಲಿನಲ್ಲಿ ಸ್ನಾನಭೋಗವೂ ಒಂದು. ಸುಗಂಧ ತೈಲದ ಅಭ್ಯಂಗಕ್ಕೆ ಅಲ್ಲಿ ಮಾನದ ಸ್ಥಾನವಿದೆ. ಅರಮನೆಯಲ್ಲಿ ಭೋಗವಾಗಿದ್ದದ್ದು ನಮ್ಮ ಮನೆಗಳಲ್ಲಿ ನರಕಚತುರ್ದಶಿಯ ಎಣ್ಣೆಸ್ನಾನವಾಗಿ, ಶನಿವಾರದ ಹಂಡೆಯ ಬಿಸಿನೀರಾಗಿ, ಸೀಗೆಪುಡಿ ಚಿಗರೆಪುಡಿಗಳಾಗಿ ಉಳಿದು ಬಂದಿತು.

ಎರಡನೆಯದು ಔಷಧ. ಅದರಲ್ಲಿ ಮುಖ್ಯವಾದುದು ಭೃಂಗರಾಜ. ಭೃಂಗವೆಂದರೆ ದುಂಬಿ, ಕೂದಲನ್ನು ದುಂಬಿಯಂತೆ ಕಪ್ಪಾಗಿ ಇಡುವುದೆಂಬ ನಂಬಿಕೆ ಹೆಸರಿನಲ್ಲೇ ಸೇರಿಕೊಂಡಿದೆ. ಕನ್ನಡದಲ್ಲಿ ಗರುಗದ ಸೊಪ್ಪು ಎನ್ನುತ್ತೇವೆ. ಗದ್ದೆಯ ಬದುವಿನಲ್ಲಿ, ಕಾಲುವೆಯ ತೇವದಲ್ಲಿ ಪುಟ್ಟ ಬಿಳಿಯ ಹೂ ಬಿಟ್ಟು ನಿಲ್ಲುವ ಗಿಡ. ಇದರೊಡನೆ ನೆಲ್ಲಿಕಾಯಿ, ಒಂದೆಲಗ, ದಾಸವಾಳ, ಮೆಂತ್ಯ ಇವೂ ಸೇರಿಕೊಂಡವು. ಎಣ್ಣೆ ಕಾಯಿಸುವುದಕ್ಕೂ ಶಾಸ್ತ್ರವಿದೆ. ಅರೆದ ಮದ್ದು ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಅಥವಾ ಕಷಾಯ ಹದಿನಾರು ಪಾಲು. ಸಣ್ಣ ಉರಿಯಲ್ಲಿ ನೀರಿನ ಅಂಶ ಹೋಗುವವರೆಗೆ ಕಾಯಬೇಕು. ಮದ್ದಿನ ಗಸಿಯನ್ನು ಬೆರಳಲ್ಲಿ ಹೊಸೆದರೆ ಬತ್ತಿಯಾಗಬೇಕು. ಬೆಂಕಿಗೆ ಹಾಕಿದರೆ ಚಟಚಟ ಎನ್ನಕೂಡದು. ಎಣ್ಣೆಯಾದರೆ ಹದ ಬಂದಾಗ ನೊರೆ ಏಳುತ್ತದೆ. ತುಪ್ಪವಾದರೆ ನೊರೆ ಅಡಗುತ್ತದೆ. ಮನೆಯಲ್ಲಿ ಎಣ್ಣೆ ಕಾಯಿಸುವ ತಾಯಂದಿರು ಈ ಗುರುತುಗಳನ್ನು ಗ್ರಂಥ ಓದದೆಯೇ ಬಲ್ಲರು.

ಆದರೆ ಹಳೆಯದೆಲ್ಲ ಸೌಮ್ಯವಾದದ್ದೆಂದು ಭಾವಿಸಬಾರದು. ಇಂದ್ರಲುಪ್ತಕ್ಕೆ ಚರ್ಮವನ್ನು ಗೀರಿ ಗುಲಗಂಜಿಯನ್ನು ಅರೆದು ಲೇಪಿಸುವ ವಿಧಿಯೂ ಶಾಸ್ತ್ರದಲ್ಲಿದೆ. ಗುಲಗಂಜಿ ಘೋರವಾದ ವಿಷ. ಗೀರಿದ ಚರ್ಮಕ್ಕೆ ಅದನ್ನು ಮನೆಯಲ್ಲಿ ಹಚ್ಚುವುದು ಪ್ರಾಣದೊಡನೆ ಆಟ. ಆನೆಯ ದಂತವನ್ನು ಸುಟ್ಟ ಮಸಿಯನ್ನು ರಸಾಂಜನದೊಡನೆ ಲೇಪಿಸಿದರೆ ಅಂಗೈಯಲ್ಲಿಯೂ ರೋಮ ಹುಟ್ಟುವುದೆಂದು ಸುಶ್ರುತಸಂಹಿತೆ ಹೊಗಳುತ್ತದೆ. ಅದು ಹೊಗಳಿಕೆಯ ಮಾತು. ಅದನ್ನು ಅಕ್ಷರಶಃ ನಂಬಿ ಆನೆಯ ದಂತ ಹುಡುಕಹೊರಟವನಿಗೆ ರೋಮ ಹುಟ್ಟುವುದಿಲ್ಲ; ವನ್ಯಜೀವಿ ಸಂರಕ್ಷಣೆಯ ಕಾನೂನಿನ ಕೈಗೆ ಮಾತ್ರ ಸಿಕ್ಕಿಬೀಳುತ್ತಾನೆ.

ಹಾಗಾದರೆ ಬೊಕ್ಕತಲೆಯ ನಿಜವಾದ ಕಾರಣ ತಿಳಿದದ್ದು ಯಾವಾಗ? ಇದರ ಎಳೆ ಗ್ರೀಸಿನಲ್ಲಿದೆ. ನಪುಂಸಕರಿಗೆ ಬೊಕ್ಕತಲೆ ಬಾರದೆಂದು ಹಿಪ್ಪೊಕ್ರಾಟಿಸನ ಹೆಸರಿನ ಸೂತ್ರಗಳಲ್ಲಿ ಒಂದು ಮಾತಿದೆ. ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಆ ಮಾತು ಸುಮ್ಮನೆ ಬಿದ್ದಿತ್ತು. ೧೯೪೨ರಲ್ಲಿ ಅಮೆರಿಕೆಯ ಜೇಮ್ಸ್ ಹ್ಯಾಮಿಲ್ಟನ್ ಎಂಬ ಶರೀರಶಾಸ್ತ್ರಜ್ಞನು ಅದನ್ನು ಪರೀಕ್ಷಿಸಿದನು. ಪುರುಷತ್ವ ಬಲಿಯದವರಲ್ಲಿ ಮುಂದಲೆ ಬರಿದಾಗದು; ಅಂಥವರಿಗೆ ಪುರುಷ ಹಾರ್ಮೋನನ್ನು ಕೊಟ್ಟಾಗ, ವಂಶದಲ್ಲಿ ಬೊಕ್ಕತಲೆಯ ಒಲವು ಇದ್ದವರಿಗೆ ಕೂದಲು ಉದುರತೊಡಗಿತು. ಆದುದರಿಂದ ವಂಶ, ಹಾರ್ಮೋನು, ವಯಸ್ಸು ಈ ಮೂರೂ ಕೂಡಿದಾಗಲೇ ಖಲತಿ. ಆ ಹಾರ್ಮೋನಿನ ಪ್ರಭಾವದಿಂದ ಮುಂದಲೆಯ ಮತ್ತು ನೆತ್ತಿಯ ಕೂದಲಿನ ಮೂಲಗಳು ಸುತ್ತುಸುತ್ತಿಗೂ ಸಣ್ಣದಾಗಿ, ಕೊನೆಗೆ ನವಿರಾದ ರೋಮ ಮಾತ್ರ ಉಳಿಯುತ್ತದೆ. ಹಿಂದಲೆಯ ಕೂದಲಿಗೆ ಮಾತ್ರ ಈ ಬಾಧೆಯಿಲ್ಲ. ಆ ಕೂದಲನ್ನು ಕಿತ್ತು ಮುಂದಕ್ಕೆ ನೆಟ್ಟರೂ ಅದು ತನ್ನ ಗುಣವನ್ನು ಬಿಡದೆಂದು ನ್ಯೂಯಾರ್ಕಿನ ವೈದ್ಯ ನಾರ್ಮನ್ ಓರೆಂಟ್ರೈಕ್ ೧೯೫೯ರಲ್ಲಿ ಪ್ರಕಟಿಸಿ ತೋರಿಸಿದನು. ಇಂದಿನ ಕೂದಲು ನಾಟಿಯ ಅಡಿಗಲ್ಲು ಇದೇ.

ಇಲ್ಲಿ ನಮ್ಮ ಸಮಾಜದ ಒಂದು ಸಂಗತಿಯನ್ನು ಗಮನಿಸಿ. ನಮ್ಮ ಮುತ್ತಜ್ಜಂದಿರಲ್ಲಿ ಅನೇಕರು ಮುಂದಲೆಯನ್ನು ಬೋಳಿಸಿ, ಹಿಂದೆ ಜುಟ್ಟು ಕಟ್ಟುತ್ತಿದ್ದರು. ಮೇಲೆ ರುಮಾಲು ಅಥವಾ ಪೇಟ. ಕೂದಲು ಹೋಗುವ ಜಾಗವನ್ನು ಕ್ಷೌರಿಕನೇ ಮೊದಲು ತೆಗೆದುಬಿಡುತ್ತಿದ್ದನು. ಉಳಿಯುವ ಜಾಗದಲ್ಲಿ ಜುಟ್ಟು ನಿಲ್ಲುತ್ತಿತ್ತು. ಖಲತಿ ಬಂದರೂ ಬೀದಿಗೆ ಕಾಣುತ್ತಿರಲಿಲ್ಲ. ಕಳೆದ ಶತಮಾನದಲ್ಲಿ ಜುಟ್ಟು ಹೋಗಿ ಕ್ರಾಪು ಬಂತು, ಪೇಟ ಗೂಟ ಸೇರಿತು. ಆಗ ಹಳೆಯ ಖಲತಿಯೇ ಹೊಸ ಅವಮಾನವಾಯಿತು. ಅವಮಾನ ಎಲ್ಲಿದೆಯೋ ಅಲ್ಲಿ ಅಂಗಡಿ ತೆರೆಯುತ್ತದೆ.

ಹೊರಗಿನಿಂದ ಹಚ್ಚಿದ ಎಣ್ಣೆ ಇಂಥ ಖಲತಿಯನ್ನು ನಿಲ್ಲಿಸುವುದೆಂಬುದಕ್ಕೆ ಗಟ್ಟಿಯಾದ ಪ್ರಮಾಣ ದೊರೆತಿಲ್ಲ. 'ಹಾಗಾದರೆ ಗರುಗದ ಎಣ್ಣೆಯಿಂದ ನಮ್ಮ ಮಾವನವರಿಗೆ ಕೂದಲು ಬಂದದ್ದು ಸುಳ್ಳೆ?' ಎಂದು ನೀವು ಕೇಳಬಹುದು. ಸುಳ್ಳಲ್ಲ, ಕಾರಣ ಬೇರೆ. ತಲೆಯ ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಮಿಸಿ ಉದುರುತ್ತದೆ. ದಿನಕ್ಕೆ ೫೦ರಿಂದ ೧೦೦ ಕೂದಲು ಹೋಗುವುದು ಸಹಜ. ವಿಷಮಜ್ವರ, ದೊಡ್ಡ ಶಸ್ತ್ರಕ್ರಿಯೆ, ತೀವ್ರವಾದ ಚಿಂತೆ, ಅರೆಹೊಟ್ಟೆಯ ಊಟ ಇವುಗಳಿಂದ ಬಹಳ ಕೂದಲು ಒಮ್ಮೆಗೇ ವಿಶ್ರಾಂತಿಗೆ ಹೋಗುತ್ತದೆ. ಎರಡು ಮೂರು ತಿಂಗಳ ಮೇಲೆ ಹಿಡಿಹಿಡಿಯಾಗಿ ಬರುತ್ತದೆ. ೨೦೨೦ ಮತ್ತು ೨೦೨೧ರ ಕೋವಿಡ್ ಜ್ವರದ ಬಳಿಕ ಎಷ್ಟೋ ಮನೆಗಳಲ್ಲಿ ಇದನ್ನು ಕಂಡರು. ಮೂಲ ಕೆಟ್ಟಿರುವುದಿಲ್ಲವಾದ್ದರಿಂದ ಕೆಲವು ತಿಂಗಳಲ್ಲಿ ಕೂದಲು ತಾನಾಗಿಯೇ ಮರಳುತ್ತದೆ. ಆ ಹೊತ್ತಿಗೆ ಯಾವ ಎಣ್ಣೆ ಹಚ್ಚುತ್ತಿದ್ದರೋ ಅದಕ್ಕೆ ಕೀರ್ತಿ! ಹಾಗೆಯೇ 'ಹುಳ ತಿಂದಿದೆ' ಎಂದು ಹಳ್ಳಿಗಳಲ್ಲಿ ಹೇಳುವ, ನಾಣ್ಯದಂತೆ ದುಂಡಗೆ ಕೂದಲು ಹೋಗುವ ಬೇನೆಯೂ ಎಷ್ಟೋ ಜನರಲ್ಲಿ ತಾನಾಗಿ ಮಾಯುತ್ತದೆ. ಬಾಗ್ದಾದಿನ ವೈದ್ಯರು ೨೦೦೨ರಲ್ಲಿ ಈರುಳ್ಳಿಯ ರಸವನ್ನು ಪರೀಕ್ಷಿಸಿ ಒಳ್ಳೆಯ ಫಲ ಕಂಡದ್ದು ಈ ಬೇನೆಯಲ್ಲಿಯೇ, ಅದೂ ಕೆಲವೇ ರೋಗಿಗಳಲ್ಲಿ. ಅದನ್ನು ಓದಿ ಖಲತಿಯವನು ಈರುಳ್ಳಿ ಹಚ್ಚಿದರೆ ವಾಸನೆಯೇ ಲಾಭ. ವಾಗ್ಭಟನು ಎರಡನ್ನು ಬೇರ್ಪಡಿಸಿದ್ದು ಏಕೆಂದು ಈಗ ತಿಳಿಯಿತಲ್ಲವೆ?

ಹಾಗೆಂದು ಎಣ್ಣೆಸ್ನಾನವನ್ನು ಬಿಡಬೇಕಾಗಿಲ್ಲ. ಕೊಬ್ಬರಿ ಎಣ್ಣೆಯು ಕೂದಲಿನ ಎಳೆಯೊಳಕ್ಕೆ ಇಳಿದು, ತೊಳೆಯುವಾಗ ಬಾಚುವಾಗ ಆಗುವ ಸವೆತವನ್ನು ತಗ್ಗಿಸುತ್ತದೆಂದು ಮುಂಬಯಿಯ ಸಂಶೋಧಕರು ೨೦೦೩ರಲ್ಲಿ ತೋರಿಸಿದರು. ಸೂರ್ಯಕಾಂತಿ ಎಣ್ಣೆಗೆ, ಖನಿಜ ತೈಲಕ್ಕೆ ಆ ಗುಣ ಕಾಣಲಿಲ್ಲ. ಎಂದರೆ ಇರುವ ಕೂದಲನ್ನು ಕಾಪಾಡುವ ಕೆಲಸದಲ್ಲಿ ಅಜ್ಜಿಯ ಮಾತು ನಿಂತಿತು. ಹೋದ ಕೂದಲನ್ನು ತರುವ ಕೆಲಸದಲ್ಲಿ ನಿಲ್ಲಲಿಲ್ಲ. ಕಾಳು, ಸೊಪ್ಪು, ಹಾಲು, ಮೊಟ್ಟೆ ಇರುವ ಊಟವೂ ಮದ್ದೇ. ಏಕೆಂದರೆ ರಕ್ತಹೀನತೆಯಿಂದಲೂ ಕೂದಲು ಉದುರುವುದುಂಟು.

ಖಲತಿಗೆ ಪರೀಕ್ಷೆಯಲ್ಲಿ ನಿಂತ ಮದ್ದುಗಳು ಬಂದದ್ದು ತೀರ ಈಚೆಗೆ. ರಕ್ತದೊತ್ತಡಕ್ಕೆಂದು ಕೊಡುತ್ತಿದ್ದ ಮಿನಾಕ್ಸಿಡಿಲ್ ಎಂಬ ಗುಳಿಗೆಯಿಂದ ರೋಗಿಗಳಿಗೆ ಮೈಮೇಲೆಲ್ಲ ರೋಮ ಬೆಳೆಯಿತು. ಅದನ್ನು ತಲೆಗೆ ಹಚ್ಚುವ ದ್ರವವಾಗಿಸಿ ೧೯೮೮ರಲ್ಲಿ ಅಮೆರಿಕೆಯಲ್ಲಿ ಒಪ್ಪಿಗೆ ಕೊಟ್ಟರು. ಹಾರ್ಮೋನಿನ ಕೆಲಸವನ್ನು ತಡೆಯುವ ಫಿನಾಸ್ಟರೈಡ್ ಗುಳಿಗೆಗೆ ೧೯೯೭ರಲ್ಲಿ ಒಪ್ಪಿಗೆಯಾಯಿತು. ಇವೂ ಸಂಜೀವಿನಿಯಲ್ಲ. ಬಳಸುವವರೆಗೆ ಫಲ, ಬಿಟ್ಟರೆ ಮೊದಲಿನಂತೆ. ಗುಳಿಗೆಯಿಂದ ಕೆಲವರಿಗೆ ಪುರುಷತ್ವದ ತೊಂದರೆಯೂ ಆಗುವುದುಂಟು. ಆದುದರಿಂದ ವೈದ್ಯರನ್ನು ಕೇಳದೆ ಮುಟ್ಟಬಾರದು. ಇವು ಕೆಲಸ ಮಾಡುವುದು ಮೂಲ ಇನ್ನೂ ಜೀವದಿಂದಿರುವಾಗ. ಹತ್ತು ವರ್ಷ ಹತ್ತು ಎಣ್ಣೆ ಹಚ್ಚಿ ಬೇಸತ್ತು ಬರುವವನು ಹಣಕ್ಕಿಂತ ಹೆಚ್ಚಾಗಿ ಕಾಲವನ್ನು ಕಳೆದುಕೊಂಡಿರುತ್ತಾನೆ. ನಮ್ಮ ದೇಶದ ೧೯೪೫ರ ಔಷಧ ನಿಯಮಗಳ 'ಜೆ' ಅನುಸೂಚಿಯಲ್ಲಿ, ಗುಣಪಡಿಸುತ್ತೇವೆಂದು ಔಷಧದ ಮೇಲೆ ಹೇಳಿಕೊಳ್ಳಬಾರದ ರೋಗಗಳ ಪಟ್ಟಿಯಿದೆ. ಅದರಲ್ಲಿ ಬೊಕ್ಕತಲೆಯೂ ಸೇರಿದೆ ಎಂಬುದನ್ನು ಮುಂದಿನ ಸೀಸೆ ಕೊಳ್ಳುವ ಮುನ್ನ ನೆನೆಯಿರಿ.

ಆದಕಾರಣ ವಾಚಕರೆ, ಮನೆಯ ಹುಡುಗನ ಕೂದಲು ಉದುರತೊಡಗಿದರೆ ಅವನನ್ನು ಗೇಲಿ ಮಾಡಬೇಡಿ. ಹಿಂದಿನ ಮೂರು ತಿಂಗಳಲ್ಲಿ ಜ್ವರ ಬಂದಿತ್ತೆ, ಊಟ ಸರಿಯಿದೆಯೆ, ದುಂಡಗೆ ಹೋಗಿದೆಯೆ, ಮುಂದಲೆಯಿಂದ ಮೆಲ್ಲನೆ ಹಿಂದೆ ಸರಿಯುತ್ತಿದೆಯೆ ಎಂದು ವಿಚಾರಿಸಿ. ಮೊದಲಿನವಾದರೆ ತಾಳ್ಮೆ ಮತ್ತು ಆಹಾರ, ದುಂಡಗಿದ್ದರೆ ಚರ್ಮವೈದ್ಯರು, ಕೊನೆಯದಾದರೆ ಅವನ ಇಚ್ಛೆ. ಮದ್ದು ಬೇಕೆಂದರೆ ತಡಮಾಡದೆ ವೈದ್ಯರ ಬಳಿಗೆ ಹೋಗಲಿ. ಬೇಡವೆಂದರೆ ಧೈರ್ಯವಾಗಿ ತಲೆಯೆತ್ತಿ ನಡೆಯಲಿ. ಹೆಣ್ಣು ಕೊಡುವವರು ತಲೆಯ ಹೊರಗಿನದಕ್ಕಿಂತ ಒಳಗಿನದನ್ನು ವಿಚಾರಿಸುವುದು ಮೇಲು. ಶನಿವಾರದ ಎಣ್ಣೆಸ್ನಾನ ಮಾತ್ರ ನಡೆಯುತ್ತಿರಲಿ. ಅದರಿಂದ ಬರುವ ಒಳ್ಳೆಯ ನಿದ್ರೆಗೆ ಯಾವ ಪರೀಕ್ಷೆಯ ಪ್ರಮಾಣವೂ ಬೇಕಾಗಿಲ್ಲ.