ದುಂಡಸಿ ಸೀಮೆಯ ಜಂತುಹುಳು: ಓಮದಿಂದ ಮಾತ್ರೆಯವರೆಗೆ

ಶಿಗ್ಗಾವಿ ತಾಲ್ಲೂಕಿನ ದುಂಡಸಿ ಅರೆಮಲೆನಾಡಿನ ಅಂಚಿನ ಊರು. ಮಳೆಗಾಲದಲ್ಲಿ ಇಲ್ಲಿನ ಮಣ್ಣು ವಾರಗಟ್ಟಲೆ ಹಸಿಯಾಗಿರುತ್ತದೆ. ಬಯಲಿಗೆ ಹೋಗುವ ರೂಢಿಯಿದ್ದ ಕಾಲಕ್ಕೆ ಕೊಕ್ಕೆಹುಳುವೆಂಬ ಜಂತುಹುಳುವಿಗೆ ಇಷ್ಟೇ ಸಾಕಿತ್ತು: ಮಣ್ಣಿನಲ್ಲಿ ಒಡೆದ ಮೊಟ್ಟೆಯ ಮರಿ ಬರಿಗಾಲಿನ ಚರ್ಮ ಕೊರೆದು ಒಳಸೇರಿ, ಕರುಳಿಗಂಟಿ ರಕ್ತ ಹೀರುತ್ತದೆ. ದುಂಡುಹುಳುವಿನ ದಾರಿ ಬೇರೆ. ಅದರ ಮೊಟ್ಟೆ ಕೊಳೆಗೈಯಿಂದ, ತೊಳೆಯದ ಸೊಪ್ಪಿನಿಂದ ಬಾಯಿ ಸೇರುತ್ತದೆ.

ಈ ಹುಳುಗಳಿಗೆ ಮನೆಮದ್ದಾಗಿ ಬಳಸುತ್ತಿದ್ದ ಓಮವನ್ನು ಅಜ್ಜಿಯರ ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಓಮದೆಣ್ಣೆಯ ಮುಖ್ಯ ಅಂಶ ಥೈಮಾಲ್. ಮೊದಲ ಮಹಾಯುದ್ಧಕ್ಕೆ ಮುಂಚೆ ಅದನ್ನು ತೆಗೆಯಲು ಭಾರತದ ಓಮ ಜರ್ಮನಿಗೆ ಹೋಗುತ್ತಿತ್ತು. 1909ರಲ್ಲಿ ಅಮೆರಿಕದಲ್ಲಿ ಆರಂಭವಾದ ರಾಕ್‌ಫೆಲರ್ ಕೊಕ್ಕೆಹುಳು ಅಭಿಯಾನದ ಮುಖ್ಯ ಔಷಧಿಯೂ ಥೈಮಾಲೇ. ಔಷಧಿಯೊಂದರಿಂದಲೇ ಫಲವಿಲ್ಲ, ಕಕ್ಕಸು ಮತ್ತು ತಿಳಿವಳಿಕೆ ಎರಡೂ ಬೇಕೆಂಬುದು ಆ ಅಭಿಯಾನದ ಪಾಠ.

ಓಮದ ಕಾಲ ಕಳೆದು ಈಗ ಮಾತ್ರೆಯ ಕಾಲ. 2015ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಶುರುವಾದಾಗ ಮೊದಲ ಹಂತದಲ್ಲೇ ಕರ್ನಾಟಕವಿತ್ತು. 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ 400 ಮಿಲಿಗ್ರಾಂ ಆಲ್ಬೆಂಡಜೋಲ್. ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ. ಮನೆಗೆ ಕೊಟ್ಟು ಕಳಿಸುವ ಬದಲು ಶಿಕ್ಷಕರ ಎದುರೇ ಅಗಿಸಿ ನುಂಗಿಸಲಾಗುತ್ತದೆ. ಮಾತ್ರೆಯು ಆಗಲೇ ಹೊಟ್ಟೆಯಲ್ಲಿರುವ ಹುಳುವನ್ನಷ್ಟೇ ಕೊಲ್ಲುತ್ತದೆ, ಮರುಸೋಂಕು ತಡೆಯದು. ಆದ್ದರಿಂದ ಅದರ ಜೊತೆಗೇ ಸೋಪಿನ ಕೈತೊಳೆತ, ಚಪ್ಪಲಿ, ಶೌಚಾಲಯದ ಪಾಠವೂ ನಡೆಯುತ್ತದೆ.