ಕೆಟ್ಟ ಜೋಳ ಮತ್ತು ಬಹುಜನರೋಗ: ಮೂಲಶೋಧನೆಯ ವಿಚಾರ

ವಿಜಯಪುರ ನಗರ, ಅದರ ಪಡುವಣ ತಿಕೋಟಾ, ತೆಂಕಣ ಬಬಲೇಶ್ವರ, ಈ ಮೂರೂ ಜೋಳದ ಸೀಮೆಗೆ ಸೇರಿದವು. ಡೋಣಿ ನದಿಯ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವು ಬಹುಕಾಲದಿಂದ ಮುಖ್ಯಧಾನ್ಯವಾಗಿದೆ. ತಿಕೋಟಾ ಕಡೆಯ ಹೊಲಗಳಲ್ಲಿ ಈಚೆಗೆ ದ್ರಾಕ್ಷಿ ಹಬ್ಬಿದೆಯಾದರೂ ಊಟದಲ್ಲಿ ರೊಟ್ಟಿಯ ಸ್ಥಾನವು ಕದಲಿಲ್ಲ. ಮದುವೆಯೂಟದಿಂದ ರೋಗ ಹುಟ್ಟಿದರೆ ಯಾವ ಪದಾರ್ಥವನ್ನು ಉಂಡವರು ಮಲಗಿದರು, ಯಾವುದನ್ನು ಬಿಟ್ಟವರು ಉಳಿದರು ಎಂದು ವಿಚಾರಿಸಬಹುದು. ಊರೆಲ್ಲವೂ ದಿನವೂ ಒಂದೇ ಧಾನ್ಯವನ್ನು ಉಣ್ಣುವಲ್ಲಿ ಆ ಧಾನ್ಯವೇ ಕೆಟ್ಟಿದ್ದರೆ ವಿಚಾರಣೆ ನಡೆಯುವುದು ಹೇಗೆ? ರೊಟ್ಟಿಯನ್ನು ಉಣ್ಣದವರನ್ನು ಎಲ್ಲಿಂದ ತರುವುದು?

ಈ ಪ್ರಶ್ನೆಯ ಪ್ರಾಚೀನರೂಪವು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವಾದ ಜನಪದೋದ್ಧ್ವಂಸನೀಯದಲ್ಲಿದೆ. ಪ್ರಕೃತಿ, ಆಹಾರ, ದೇಹ, ಬಲ, ವಯಸ್ಸು ಮೊದಲಾದವುಗಳಲ್ಲಿ ಭಿನ್ನರಾದ ಜನರನ್ನು ಒಂದೇ ವ್ಯಾಧಿಯು ಏಕಕಾಲದಲ್ಲಿ ಹೇಗೆ ನಾಶಮಾಡುತ್ತದೆಂದು ಅಗ್ನಿವೇಶನು ಕೇಳುತ್ತಾನೆ. ವಾಯು, ಉದಕ, ದೇಶ, ಕಾಲ, ಈ ನಾಲ್ಕು ಎಲ್ಲರಿಗೂ ಸಾಮಾನ್ಯವಾದುದರಿಂದ ಇವು ಕೆಟ್ಟಾಗ ಜನಪದವೇ ಕೆಡುತ್ತದೆಂದು ಆತ್ರೇಯನ ಉತ್ತರ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆಹಾರವು ಪ್ರಶ್ನೆಯಲ್ಲಿಯೇ ಜನರ ಭೇದಗಳ ಸಾಲಿಗೆ ಸೇರಿಹೋಗಿದೆ. ಸಾಮಾನ್ಯಕಾರಣಗಳಲ್ಲಿ ಅದಕ್ಕೆ ಎಡೆಯಿಲ್ಲ. ಒಂದೇ ಧಾನ್ಯದ ಸೀಮೆಗೆ ಈ ವಿಭಾಗವು ಪೂರ್ಣವಾಗಿ ಹೊಂದುವುದಿಲ್ಲ.

ಸುಶ್ರುತಸಂಹಿತೆಯು ಈ ಎಡೆಯನ್ನು ತುಂಬುತ್ತದೆ. ಋತುಗಳು ಹದಗೆಟ್ಟಾಗ ಓಷಧಿಗಳೂ ನೀರೂ ಕೆಡುತ್ತವೆ, ಅವುಗಳ ಉಪಯೋಗದಿಂದ ನಾನಾ ರೋಗಗಳಾಗಲಿ ಮಾರಿಯಾಗಲಿ ಉಂಟಾಗುತ್ತದೆ, ಕೆಡದವನ್ನು ಬಳಸುವುದೇ ಅದಕ್ಕೆ ಪರಿಹಾರ ಎಂದು ಸೂತ್ರಸ್ಥಾನದ ಋತುಚರ್ಯಾಧ್ಯಾಯವು ಹೇಳುತ್ತದೆ. ಓಷಧಿಯೆಂದರೆ ಮದ್ದಿನ ಬೇರು ಮಾತ್ರವಲ್ಲ. ಫಲ ಪಕ್ವವಾದೊಡನೆ ಒಣಗುವ ಪೈರೆಂದು ಶಾಸ್ತ್ರದ ಲಕ್ಷಣ. ಯಾವನಾಲವೆಂಬ ಜೋಳವೂ ಆ ಲಕ್ಷಣಕ್ಕೆ ಒಳಪಡುತ್ತದೆ. ಇಷ್ಟರಿಂದ ಇಂದಿನ ಶೋಧನೆಯೆಲ್ಲವೂ ಪ್ರಾಚೀನರಿಗೆ ತಿಳಿದಿತ್ತೆಂದು ಸಾಧಿಸಹೊರಡುವುದು ಪಾಂಡಿತ್ಯವೆನಿಸದು. ಸೂತ್ರವು ಕಾರಣವನ್ನು ಹೇಳಿತು. ಇಂತಹ ಊರಿನ ಇಂತಹ ಮನೆಯಲ್ಲಿ ಅದೇ ಕಾರಣವೆಂದು ನಿರ್ಣಯಿಸುವ ಕ್ರಮವನ್ನು ಹೇಳಲಿಲ್ಲ.

ನಿರ್ಣಯಕ್ರಮವು ಇಲ್ಲವೇ ಇಲ್ಲವೆನ್ನುವಂತೆಯೂ ಇಲ್ಲ. ಅದು ರಾಜನ ಅಡಿಗೆಮನೆಯಲ್ಲಿದ್ದಿತು. ಸುಶ್ರುತನ ಕಲ್ಪಸ್ಥಾನದ ಮೊದಲನೆಯ ಅಧ್ಯಾಯದಂತೆ, ವಿಷಾನ್ನವನ್ನು ತಿಂದ ಕಾಗೆ ನೊಣಗಳು ಸಾಯುತ್ತವೆ, ಅದು ಬೆಂಕಿಯಲ್ಲಿ ಚಟಚಟನೆ ಸಿಡಿಯುತ್ತದೆ, ಅದನ್ನು ಕಂಡ ಚಕೋರದ ಕಣ್ಣು ಬಣ್ಣಗೆಡುತ್ತದೆ. ಕನ್ನಡದಲ್ಲಿ ಹದಿನಾಲ್ಕನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನೇ ರಚಿಸಿದನು. ಆದರೆ ಕಲ್ಪಸ್ಥಾನದ ಪರೀಕ್ಷೆಯು ಅರಸನನ್ನು ಕಾಯಲು ಹುಟ್ಟಿದುದು, ಅದು ಹುಡುಕುವುದು ಶತ್ರುವು ಬೆರಸಿದ ವಿಷವನ್ನು. ಮಳೆಯಲ್ಲಿ ನೆನೆದ ಬಡವನ ಜೋಳಕ್ಕೆ ಚಕೋರವನ್ನು ತಂದವರಿಲ್ಲ.

ಅದು ನಡೆದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ ಜಿಲ್ಲೆಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನುಂಡ 397 ಮಂದಿಗೆ ಕಾಮಾಲೆ ತಗುಲಿ 106 ಮಂದಿ ಮೃತರಾದರು. ಅದೇ ಅನ್ನವನ್ನು ತಿಂದ ಮನೆಯ ನಾಯಿಗಳಿಗೂ ಅದೇ ರೋಗವುಂಟಾಯಿತು. ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷವೇ ಕಾರಣವೆಂದು ನಿರ್ಧಾರವಾಯಿತು.

1995ರಲ್ಲಿ ವಿಜಯಪುರವನ್ನೊಳಗೊಂಡ ದಖ್ಖನದ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಹೊಟ್ಟೆನೋವು, ಹೊಟ್ಟೆಯ ಗುಡುಗುಡು, ಭೇದಿ ಕಾಣಿಸಿಕೊಂಡವು. ಶೋಧಕರು ಪರಿಶೀಲಿಸಿದ 50 ಗ್ರಾಮಗಳಲ್ಲಿ 27ರಲ್ಲಿ ರೋಗವಿದ್ದಿತು. ಎಲ್ಲರೂ ರೊಟ್ಟಿಯನ್ನು ಉಣ್ಣುವವರೇ ಆದರೂ ರೋಗವು ಎಲ್ಲ ಮನೆಗಳನ್ನೂ ಹೊಗಲಿಲ್ಲ. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳವನ್ನೋ ಮೆಕ್ಕೆಜೋಳವನ್ನೋ ಬೀಸಿ ಉಂಡ ಕಡುಬಡವರ ಮನೆಗಳನ್ನು ಮಾತ್ರ ಹೊಕ್ಕಿತು. ಆ ಕಾಳನ್ನು ಬಿಟ್ಟೊಡನೆ ರೋಗಿಗಳು ಚೇತರಿಸಿಕೊಂಡರು, ಯಾರೂ ಸಾಯಲಿಲ್ಲ. ರೋಗವಿದ್ದ ಮನೆಗಳಿಂದ ತಂದ 20 ಜೋಳದ ಮಾದರಿಗಳಲ್ಲಿಯೂ 12 ಮೆಕ್ಕೆಜೋಳದ ಮಾದರಿಗಳಲ್ಲಿಯೂ ಫ್ಯುಮೋನಿಸಿನ್ ಎಂಬ ವಿಷವು ದೊರೆಯಿತು: ಕಿಲೋಗ್ರಾಮಿಗೆ ಜೋಳದಲ್ಲಿ 0.14ರಿಂದ 7.8, ಮೆಕ್ಕೆಜೋಳದಲ್ಲಿ 0.25ರಿಂದ 64.7 ಮಿಲಿಗ್ರಾಂ. ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಈ ವಿಷವನ್ನು ಬೇರ್ಪಡಿಸಿ ಹೆಸರಿಟ್ಟುದು 1988ರಲ್ಲಿ. ಅದಕ್ಕೆ ಮುಂಚೆ ಇದೇ ರೋಗವು ಬಂದಿದ್ದರೆ ಬರಿಯ ಭೇದಿಯೆಂದೇ ಬರೆದಿಡುತ್ತಿದ್ದರು. ಕೊನೆಗೆ ಅದೇ ಕಾಳನ್ನು ಒಂದು ದಿನದ ಹುಂಜದ ಮರಿಗಳಿಗೆ ಹಾಕಿ ನೋಡಲು, ಅವಕ್ಕೂ ಭೇದಿಯಾಯಿತು.

ತರ್ಕಶಾಸ್ತ್ರವನ್ನು ಓದಿದವರಿಗೆ ಈ ವಿಧಾನವು ಅಪರಿಚಿತವಲ್ಲ. ಬೂಷ್ಟಿನ ಕಾಳು ಇದ್ದಲ್ಲಿ ರೋಗ, ಇದು ಅನ್ವಯ. ಇಲ್ಲದಲ್ಲಿ, ಬಿಟ್ಟ ಮೇಲೆ, ರೋಗಾಭಾವ, ಇದು ವ್ಯತಿರೇಕ. ಹುಂಜದ ಮರಿಯು ಚಕೋರದ ಸ್ಥಾನದಲ್ಲಿ ನಿಂತ ದೃಷ್ಟಾಂತ. ರೊಟ್ಟಿಯನ್ನು ಉಣ್ಣದವರನ್ನು ಹುಡುಕಬೇಕಾಗಲಿಲ್ಲ. ಬೇರೆ ಜೋಳವನ್ನು ಉಂಡವರು ನೆರೆಮನೆಯಲ್ಲಿಯೇ ಇದ್ದರು.

ಡೋಣಿಯ ಹಿಂಗಾರಿ ಜೋಳವು ಬಿಸಿಲುಗಾಲದ ಹೊಸ್ತಿಲಲ್ಲಿ ಕೊಯ್ಲಾಗುವುದರಿಂದ ಮುಂಗಾರಿ ಬೆಳೆಗಿರುವಷ್ಟು ಮಳೆಯ ಭಯ ಅದಕ್ಕಿಲ್ಲ. ಆದರೂ ಕಣದಲ್ಲಿ ರಾಶಿ ಇರುವಾಗ ಅಕಾಲದ ಮಳೆ ಬಿದ್ದುದುಂಟು; ನೆಲದೊಳಗಿನ ಹಗೇವಿನಲ್ಲಿ ತುಂಬಿದ ಕಾಳಿಗೆ ಪಸೆ ತಗುಲಿ ಅಂಚಿನ ಜೋಳವು ಕಪ್ಪಾಗಿ ನಾತ ಹಿಡಿದುದುಂಟು. ಆ ಕಾಳು ಅಗ್ಗಕ್ಕೆ ಮಾರಿಹೋಗುತ್ತದೆ, ಇಲ್ಲವೆ ಕೂಲಿಯ ರೂಪದಲ್ಲಿ ಮನೆ ಸೇರುತ್ತದೆ. 2004ರಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯ ಮೂಲಕ ಭೇದಿಯ ಪ್ರಕರಣಗಳು ಜಿಲ್ಲಾಕೇಂದ್ರಕ್ಕೆ ವರದಿಯಾಗುತ್ತವೆ. ಆಹಾರವಿಷದ ಪ್ರಕರಣಗಳನ್ನು ತಿಳಿಸುವಂತೆ ವೈದ್ಯರಿಗೆ ಆಜ್ಞಾಪಿಸುವ ಅಧಿಕಾರವನ್ನು 2006ರ ಆಹಾರ ಸುರಕ್ಷತಾ ಅಧಿನಿಯಮದ 35ನೆಯ ಪ್ರಕರಣವು ಕೊಟ್ಟಿದೆ. ಬಬಲೇಶ್ವರದಲ್ಲಾಗಲಿ ತಿಕೋಟಾದಲ್ಲಾಗಲಿ ರೋಗಿಯನ್ನು ಏನು ಉಂಡೆಯೆಂದು ಕೇಳಿದರೆ ರೊಟ್ಟಿಯೆಂದೇ ಉತ್ತರ ಬರುವುದು. ಆ ಜೋಳವು ಯಾವ ಹೊಲದ್ದು, ಕೊಯ್ದ ಮೇಲೆ ನೆನೆಯಿತೇ, ಕೊಂಡುದೋ ಕೂಲಿಗೆ ಬಂದುದೋ ಎಂಬುದನ್ನು ಕೇಳಿದ ಮೇಲೆಯೇ ಅನ್ವಯವ್ಯತಿರೇಕಗಳಿಗೆ ಎಡೆ ದೊರೆಯುವುದು.